ಮಳೆ ಹೊಳವಾಗುವುದು ಯಾವಾಗ?



ಅಡಿಕೆಗೆ ಮೊದಲ ಸಲ ಔಷಧಿ ಹೊಡೆಸಿ 40-45 ದಿನ ಕಳೆಯಿತೆಂದರೆ ನಾವೆಲ್ಲರೂ ಆಕಾಶ ನೋಡುತ್ತ ಕೂರುವವರೇ. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ, ಕೊನೆಗೌಡನಿಗೆ ಹೇಳಿಯಾಗಿದೆ, ಆದರೆ ಮಳೆ ಹೊಳವು ಕೊಡುವುದಿಲ್ಲ. ಕೊಟ್ಟಿತೆಂದು ಹೊಡೆಸಿದರೆ ಸಂಜೆಗೇ ಸುರಿದು ದ್ರಾವಣವೆಲ್ಲ ಹಳ್ಳ ಸೇರುತ್ತದೆ. ಕಾಯುತ್ತ ಕೂತರೆ ಕೊಳೆ ಹಿಡಿದು ಎಳೆಗಾಯಿ ಉದುರುತ್ತದೆ. ಈ ಹೊಳವು ಏಕೆ ಬರುತ್ತದೆಂಬುದನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ವಿಜ್ಞಾನಿಗಳು ನಮ್ಮ ಬೆಂಗಳೂರಿನಲ್ಲೇ ಕೆಲಸ ಮಾಡಿದ್ದಾರೆ. ಅವರು ಕಂಡುಕೊಂಡದ್ದನ್ನು ಸದಸ್ಯರ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ಗಣಿತದಲ್ಲಿ ಪರಿಣತರಾದ ಶ್ರೀಮತಿ ಸುಲೋಚನಾ ಗಾಡ್ಗೀಳರು 1973ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅವರೂ ಪುಣೆಯ ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಅವರೂ ಸೇರಿ, 1973ರಿಂದ 1977ರವರೆಗಿನ ಏಪ್ರಿಲ್-ಅಕ್ಟೋಬರ್ ತಿಂಗಳುಗಳ ಉಪಗ್ರಹ ಚಿತ್ರಗಳನ್ನು ದಿನದಿನಕ್ಕೆ ಜೋಡಿಸಿ ನೋಡಿದರು. ನೆಲ ಕಾದು ಸಮುದ್ರದ ಗಾಳಿಯನ್ನು ಎಳೆಯುವುದೇ ಮುಂಗಾರು ಎಂದು ಶಾಲೆಯಲ್ಲಿ ನಾವು ಓದಿದ್ದೆವು. ಚಿತ್ರಗಳು ಬೇರೊಂದು ಸಂಗತಿ ತೋರಿಸಿದವು. ಭೂಮಧ್ಯರೇಖೆಯ ಹತ್ತಿರ ಹಿಂದೂ ಮಹಾಸಾಗರದ ಮೇಲೆ ಮೋಡದ ಪಟ್ಟಿಯೊಂದು ಹುಟ್ಟಿ ಉತ್ತರಕ್ಕೆ ಸರಿದು ಬರುತ್ತದೆ. ಅದು ಕ್ಷೀಣಿಸಿದ ಮೇಲೆ ಮತ್ತೊಂದು ಹುಟ್ಟುತ್ತದೆ. ಎರಡರಿಂದ ಆರು ವಾರಗಳಿಗೊಮ್ಮೆ ಹೀಗೆ ನಡೆಯುತ್ತದೆ. ಈ ಪ್ರಬಂಧ 1980ರಲ್ಲಿ ಪ್ರಕಟವಾಯಿತು.

ಎಂದರೆ, ಮುಂಗಾರು ಒಂದೇ ಸಮನೆ ಸುರಿಯುವ ಮಳೆಯಲ್ಲ; ಅಲೆ ಅಲೆಯಾಗಿ ಬರುವಂಥದು. ದೇಶದ ನಡುಭಾಗದಲ್ಲಿ ಮೋಡ ಕ್ಷೀಣಿಸಿ ಮುಂಗಾರು ಬಿಡುವು ಕೊಟ್ಟಾಗ ಸಾಮಾನ್ಯವಾಗಿ ನಮ್ಮ ಘಟ್ಟದಲ್ಲೂ ಮಳೆ ತಗ್ಗುತ್ತದೆ.

ಸಮುದ್ರದ ಪಾತ್ರವೇನು? ಮೇಲ್ಮೈ ನೀರು ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮಾತ್ರ ದೊಡ್ಡ ಮಳೆಮೋಡಗಳು ಹೆಚ್ಚಾಗಿ ಏಳುತ್ತವೆಂದು ಗಾಡ್ಗೀಳರ ತಂಡ 1984ರಲ್ಲಿ ತೋರಿಸಿತು. 1999ರ ಜುಲೈ-ಆಗಸ್ಟ್‌ನಲ್ಲಿ ನಮ್ಮ ದೇಶದ ವಿಜ್ಞಾನಿಗಳು 'ಸಾಗರ ಕನ್ಯಾ', 'ಸಾಗರಧ್ವನಿ' ಹಡಗುಗಳಲ್ಲಿ ಬಂಗಾಳ ಕೊಲ್ಲಿಗೇ ಹೋಗಿ ಅಳತೆ ಮಾಡಿದರು. ಮೋಡ ಕವಿದಾಗ ಬಿಸಿಲು ತಡೆದು, ಗಾಳಿ ನೀರನ್ನು ಕಲಕಿ, ಮೇಲ್ಮೈ ತುಸು ತಣಿಯುತ್ತದೆ. ಬಾನು ತಿಳಿಯಾದ ದಿನಗಳಲ್ಲಿ ಬೇಗನೆ ಮತ್ತೆ ಕಾಯುತ್ತದೆ. ನಾವು ಔಷಧಿ ಹೊಡೆಸುವ ದಿನಗಳಲ್ಲೇ ಅಲ್ಲಿ ಮುಂದಿನ ಮಳೆಗೆ ಸಿದ್ಧತೆ ನಡೆದಿರುತ್ತದೆ!

ಇಂಥ ಅಭ್ಯಾಸಕ್ಕೆಂದೇ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಯಿತು. ಇಂದು ವಾಯುಮಂಡಲದ ಜೊತೆಗೆ ಸಾಗರವನ್ನೂ ಅಲ್ಲಿ ಕಲಿಸುತ್ತಾರೆ. ಗಣಿತ, ಭೌತಶಾಸ್ತ್ರ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳು ಈ ದಾರಿಯನ್ನೂ ಗಮನಿಸಬಹುದು. ಮಳೆಯ ಮೇಲೆ ಬದುಕುವ ಮನೆಯವರಿಗೆ ಇದು ಪರಕೀಯ ವಿದ್ಯೆಯೇನೂ ಅಲ್ಲ.

ಹಾಗೆಂದು ಇಂಥ ದಿನ, ಇಂಥ ತೋಟದಲ್ಲಿ ಮಳೆ ನಿಲ್ಲುವುದೆಂದು ಎರಡು ವಾರ ಮೊದಲೇ ಯಾರೂ ಹೇಳಲಾರರು. ಮಳೆಯ ಒಟ್ಟು ಒಲವನ್ನು ಮಾತ್ರ ಹೇಳಬಹುದು. ಭಾರತ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಕೊಡುತ್ತದೆ. ಮಳೆ ತಗ್ಗುವ ವಾರ ಯಾವುದೆಂದು ಅದರಲ್ಲಿ ನೋಡಿ ಆಳು, ಸಾಮಾನು ಹೊಂದಿಸಿಕೊಳ್ಳಿ. ಹೊಡೆಸುವ ದಿನವನ್ನು ಹತ್ತಿರದ ದಿನಗಳ ಸೂಚನೆ ನೋಡಿ ನಿಶ್ಚಯಿಸಿ.

ಇನ್ನೊಂದು ಮಾತು. ಪಾವಗಡ-ಅನಂತಪುರ ಸೀಮೆಯ ಶೇಂಗಾ ಬಿತ್ತನೆಯ ಕಾಲವನ್ನು ವಿಚಾರಿಸುವಾಗ ಗಾಡ್ಗೀಳರು ರೈತರೊಡನೆ ಕೂತು, ಹಿಂದಿನ ಮಳೆ ಲೆಕ್ಕಗಳನ್ನು ಮುಂದಿಟ್ಟುಕೊಂಡೇ ಕೆಲಸ ಮಾಡಿದರು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಅಜ್ಜನ ಕಾಲದಿಂದ ಇಂಚು-ಸೆಂಟಿನಲ್ಲಿ ಬರೆದಿಟ್ಟ ಮಳೆ ಪುಸ್ತಕಗಳಿವೆ. ಅವನ್ನು ಗೆದ್ದಲಿಗೆ ಬಿಡಬೇಡಿ. ಬರೆಯುವುದನ್ನು ನಿಲ್ಲಿಸಿದವರು ಈ ಮುಂಗಾರಿನಿಂದಲೇ ಮತ್ತೆ ಆರಂಭಿಸಿ. ಔಷಧಿ ಹೊಡೆಸಿದ ದಿನವನ್ನೂ ಹೊಳವು ಎಷ್ಟು ದಿನ ನಿಂತಿತೆಂಬುದನ್ನೂ ಅದರಲ್ಲೇ ಬರೆದಿಡಿ. ಹತ್ತು ವರ್ಷದ ಲೆಕ್ಕ ಕೈಯಲ್ಲಿದ್ದರೆ ನಮ್ಮ ತೋಟದ ಮಳೆಯನ್ನು ನಾವೇ ಅರಿಯಬಹುದು.