ಅರಬಿ ಅಕ್ಷರದ ರಾಜವಸ್ತ್ರ, ಹರಾಜಾದ ಊರು

ಆಸ್ಟ್ರಿಯಾದ ವಿಯೆನ್ನಾ ನಗರದ ಅರಮನೆ ಭಂಡಾರದಲ್ಲಿ ಕೆಂಪು ರೇಷ್ಮೆಯ ಒಂದು ದೊಡ್ಡ ಮೇಲುವಸ್ತ್ರ ಉಂಟು. ಚಿನ್ನದ ದಾರ ಮತ್ತು ಮುತ್ತುಗಳಲ್ಲಿ ಕಸೂತಿ ಮಾಡಿದ ಎರಡು ಸಿಂಹಗಳು ಎರಡು ಒಂಟೆಗಳ ಮೇಲೆರಗಿವೆ. ಜರ್ಮನ್ ಚಕ್ರವರ್ತಿಗಳು ಶತಮಾನಗಳ ಕಾಲ ಪಟ್ಟಾಭಿಷೇಕಕ್ಕೆ ಹೊದ್ದುಕೊಳ್ಳುತ್ತಿದ್ದ ಬಟ್ಟೆ ಇದು. ಆದರೆ ಅದರ ಅಂಚಿನಲ್ಲಿರೋದು ಲ್ಯಾಟಿನ್ ಅಲ್ಲ, ಕೂಫಿ ಲಿಪಿಯ ಅರಬಿ. ಪಲೆರ್ಮೊ ನಗರದ ರಾಜಕಾರ್ಖಾನೆಯಲ್ಲಿ ಹಿಜರಿ 528ರಲ್ಲಿ ತಯಾರಾಯಿತು ಅಂತ ಅದೇ ಹೇಳುತ್ತದೆ. ಅಂದರೆ ಕ್ರಿ.ಶ. 1133-34. ಹೊಲಿಸಿದವನು ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರ್.

ಮಧ್ಯಯುಗದ ಯುರೋಪ್ ಅಂದರೆ ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಶಿಲುಬೆ ಯುದ್ಧ, ಪ್ಲೇಗ್, ಮ್ಯಾಗ್ನಾ ಕಾರ್ಟಾ ಇಷ್ಟೇ. ಇಟಲಿಯ ಕಾಲಬುಡದಲ್ಲಿರುವ ಈ ದ್ವೀಪದ ಕಥೆ ಅದರಲ್ಲಿ ಬರೋದೇ ಇಲ್ಲ.

ಗೆದ್ದವರು ಉಳಿಸಿಕೊಂಡದ್ದು

827ರಲ್ಲಿ ಟ್ಯುನೀಶಿಯಾ ಕಡೆಯಿಂದ ಬಂದ ಅಗ್ಲಬಿಗಳ ಸೈನ್ಯ ಸಿಸಿಲಿಯ ಮಝಾರದಲ್ಲಿ ಇಳಿಯಿತು. 831ರಲ್ಲಿ ಪಲೆರ್ಮೊ ಅವರ ಕೈಸೇರಿತು. ಮುಂದಿನ ಎರಡು ಶತಮಾನಗಳಲ್ಲಿ ನೀರು ಹಾಯಿಸುವ ಹೊಸ ವಿಧಾನ, ನಿಂಬೆ, ಕಿತ್ತಳೆ, ಕಬ್ಬು ಅಲ್ಲಿ ಬೇರು ಬಿಟ್ಟವು. ಅಲ್ಲಿನ ಜನ ತೋಟದ ನೀರಿನ ತೊಟ್ಟಿಯನ್ನು ಇವತ್ತಿಗೂ 'ಜೆಬ್ಬಿಯಾ' ಅಂತಲೇ ಕರೆಯುತ್ತಾರೆ. ಅದು ಅರಬಿ ಭಾಷೆಯ 'ಜಾಬಿಯಾ'.

1061ರಲ್ಲಿ ಉತ್ತರ ಫ್ರಾನ್ಸ್ ಮೂಲದ ನಾರ್ಮನ್ ಯೋಧರು ದ್ವೀಪಕ್ಕೆ ನುಗ್ಗಿದರು. 1072ರಲ್ಲಿ ಪಲೆರ್ಮೊ, 1091ರಲ್ಲಿ ಕೊನೆಯದಾಗಿ ನೋಟೊ ಪಟ್ಟಣ ಅವರ ಪಾಲಾಯಿತು. ಗೆದ್ದವರ ಸಂಖ್ಯೆ ಸಣ್ಣದು. ಹೊಲದ ಲೆಕ್ಕ, ತೆರಿಗೆಯ ದಫ್ತರ, ನಾಣ್ಯದ ಟಂಕಸಾಲೆ ಎಲ್ಲವೂ ಅರಬಿ ಬಲ್ಲವರ ಕೈಯಲ್ಲಿತ್ತು. ಅವರಿಲ್ಲದೆ ರಾಜ್ಯ ನಡೆಯುವ ಹಾಗಿರಲಿಲ್ಲ. ಆದ್ದರಿಂದ ದಿವಾನ್ ಕಚೇರಿಯೂ ಉಳಿಯಿತು, ಖಾಝಿಯೂ ಉಳಿದರು, ಪಳ್ಳಿಗಳೂ ಉಳಿದವು. ಹಿಂದೆ ಮುಸ್ಲಿಮ್ ದೊರೆಗಳು ಬೇರೆ ಧರ್ಮದವರಿಂದ ಪಡೆಯುತ್ತಿದ್ದ ಜಿಝ್ಯಾ ತೆರಿಗೆಯನ್ನು ಈಗ ಕ್ರೈಸ್ತ ದೊರೆ ಮುಸ್ಲಿಮರಿಂದ ವಸೂಲು ಮಾಡತೊಡಗಿದ, ಅಷ್ಟೆ.

ರೋಜರ್‌ನ ಆಸ್ಥಾನದಲ್ಲಿ ಭೂಗೋಳ ಪಂಡಿತ ಅಲ್ ಇದ್ರೀಸಿ ವರ್ಷಾನುಗಟ್ಟಲೆ ಕೂತು, ನಾವಿಕರನ್ನೂ ವ್ಯಾಪಾರಿಗಳನ್ನೂ ವಿಚಾರಿಸಿ ಆಗ ತಿಳಿದಿದ್ದ ಲೋಕದ ನಕ್ಷೆಯನ್ನು ಬೆಳ್ಳಿಯ ತಟ್ಟೆಯ ಮೇಲೆ ಕೊರೆಸಿದರು. ಜೊತೆಗಿನ ಅರಬಿ ಗ್ರಂಥ ಮುಗಿದದ್ದು 1154ರಲ್ಲಿ. 1149ರಲ್ಲಿ ಪಲೆರ್ಮೊದ ಒಬ್ಬ ಪಾದ್ರಿ ತನ್ನ ತಾಯಿಯ ಸಮಾಧಿಗೆ ಹಾಕಿಸಿದ ಕಲ್ಲಿನಲ್ಲಿ ಲ್ಯಾಟಿನ್, ಗ್ರೀಕ್, ಅರಬಿ, ಹೀಬ್ರೂ ಅಕ್ಷರದಲ್ಲಿ ಬರೆದ ಅರಬಿ ಹೀಗೆ ನಾಲ್ಕು ಬರಹಗಳಿವೆ.

ಮಂಗಳೂರಿನ ಒಂದು ಎಳೆ

ಅದೇ ವರ್ಷಗಳಲ್ಲಿ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಟ್ಯುನೀಶಿಯಾದ ಮಹ್ದಿಯಾದವನು. ಅಡಿಕೆ, ಕಾಳುಮೆಣಸು, ಕಬ್ಬಿಣ ಇವನ್ನೆಲ್ಲ ಏಡನ್‌ಗೆ ಕಳಿಸುತ್ತಿದ್ದ. 1148ರಲ್ಲಿ ರೋಜರ್‌ನ ನೌಕಾಪಡೆ ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಒಡಹುಟ್ಟಿದವರು ಎಲ್ಲ ಕಳೆದುಕೊಂಡು ಸಿಸಿಲಿ ಸೇರಿದರು. 1149ರಲ್ಲಿ ಆತ ಏಡನ್‌ಗೆ ಮರಳಿ, ನೀವು ನನ್ನ ಬಳಿ ಬನ್ನಿ ಎಂದು ಅವರಿಗೆ ಬರೆದ ಕಾಗದ ಕೈರೋದ ಹಳೆಯ ಯಹೂದಿ ಮಂದಿರದ ಕಾಗದರಾಶಿಯಲ್ಲಿ ಸಿಕ್ಕಿದೆ. ಕಲೆಗೆ ಪೋಷಕನಾಗಿದ್ದ ದೊರೆಯೇ ಸಮುದ್ರದ ಆಚೆ ಮನೆ ಮುರಿದವನೂ ಹೌದು.

ಹೊರಗೆ ವೈಭವ, ಒಳಗೆ ಭಯ

1184ರ ಡಿಸೆಂಬರಿನಲ್ಲಿ ಹಜ್ ಮುಗಿಸಿ ಸ್ಪೇನಿಗೆ ಮರಳುತ್ತಿದ್ದ ಇಬ್ನ್ ಜುಬೈರ್ ಇದ್ದ ಹಡಗು ಸಿಸಿಲಿಯ ಮೆಸ್ಸಿನಾ ಬಳಿ ಒಡೆಯಿತು. ರೋಜರ್‌ನ ಮೊಮ್ಮಗ, ದೊರೆ ಎರಡನೇ ವಿಲಿಯಂ ಆಗ ಅಲ್ಲೇ ಇದ್ದ. ದಡ ಸೇರಿಸಿದ ದೋಣಿಯವರಿಗೆ ಕೂಲಿ ಕೊಡಲಾಗದ ಬಡ ಮುಸ್ಲಿಮರ ಪರವಾಗಿ ಹಣ ಕೊಟ್ಟವನು ಅವನೇ. ಅವನಿಗೆ ಅರಬಿ ಓದಲು ಬರೆಯಲು ಬರುತ್ತಿತ್ತು. ಪಲೆರ್ಮೊದ ಕ್ರೈಸ್ತ ಹೆಂಗಸರು ಕ್ರಿಸ್‌ಮಸ್ ದಿನ ಮುಸ್ಲಿಮ್ ಹೆಂಗಸರ ಹಾಗೇ ರೇಷ್ಮೆ ಉಟ್ಟು, ಮುಸುಕು ಹಾಕಿ, ಮದರಂಗಿ ಹಚ್ಚಿಕೊಂಡು ಚರ್ಚಿಗೆ ಹೋದದ್ದನ್ನು ಕಂಡು ಜುಬೈರ್ ಬೆರಗಾಗಿ ಬರೆದಿದ್ದಾರೆ.

ಆದರೆ ಅವರ ಬರಹದಲ್ಲಿ ಇನ್ನೊಂದು ಮುಖವೂ ಉಂಟು. ಪೆರ್ನಾಲ್ ದಿನ ಬಿಟ್ಟರೆ ಜುಮಾ ಖುತ್ಬಾಗೆ ಅವಕಾಶವಿರಲಿಲ್ಲ. ಅರಮನೆಯ ಸೇವಕರು ಈಮಾನನ್ನು ಮುಚ್ಚಿಟ್ಟು ಬದುಕುತ್ತಿದ್ದರು. ಟ್ರಪಾನಿಯ ಒಬ್ಬ ಗೌರವಸ್ಥ ತನ್ನ ಎಳೆಯ ಮಗಳನ್ನು, ಮದುವೆಯಾಗಿಯೋ ಬೇರೆ ಕಡೆ ಮದುವೆ ಮಾಡಿಸಿಯೋ, ಹೇಗಾದರೂ ಮುಸ್ಲಿಮರ ನಾಡಿಗೆ ಕರೆದುಕೊಂಡು ಹೋಗಿ ಅಂತ ಯಾತ್ರಿಕರೊಬ್ಬರಲ್ಲಿ ಬೇಡಿಕೊಂಡ. ಹೆತ್ತ ತಂದೆ ಗುರುತಿಲ್ಲದವರ ಕೈಗೆ ಮಗಳನ್ನು ಒಪ್ಪಿಸಲು ಮುಂದಾಗಬೇಕಾದರೆ ಆ ಸಮುದಾಯದ ಒಳಗಿನ ದಿಗಿಲು ಎಷ್ಟಿರಬೇಕು, ನೋಡಿ.

ದಿಗಿಲು ಸುಳ್ಳಾಗಲಿಲ್ಲ. 1189ರ ನವೆಂಬರಿನಲ್ಲಿ ವಿಲಿಯಂ ಮಕ್ಕಳಿಲ್ಲದೆ ಸತ್ತ. ಸಿಂಹಾಸನದ ಜಗಳದ ನಡುವೆ ಪಲೆರ್ಮೊದ ಮುಸ್ಲಿಮರ ಮೇಲೆ ದಾಳಿ ನಡೆಯಿತು. ಉಳಿದವರು ಪಶ್ಚಿಮದ ಗುಡ್ಡಗಳಿಗೆ ಓಡಿ, ಅಲ್ಲಿಂದಲೇ ಮೂರು ದಶಕ ಹೋರಾಡಿದರು.

ಲೂಚೇರಾ

ಆಮೇಲೆ ಬಂದವನು ರೋಜರ್‌ನ ಮಗಳ ಮಗ, ಚಕ್ರವರ್ತಿ ಎರಡನೇ ಫ್ರೆಡರಿಕ್. 1229ರಲ್ಲಿ ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್ ಜೊತೆ ಮಾತುಕತೆ ಮಾಡಿ, ಯುದ್ಧವಿಲ್ಲದೆ ಜೆರುಸಲೇಮ್ ಪಡೆದವನು ಇವನೇ. ಅರಬಿ ವಿದ್ವಾಂಸರನ್ನು ಆತ ಗೌರವಿಸುತ್ತಿದ್ದ. ಆದರೆ ತನ್ನದೇ ರಾಜ್ಯದ ಗುಡ್ಡದ ಮುಸ್ಲಿಮರನ್ನು ಸದೆಬಡಿದು, 1220ರ ದಶಕದಿಂದ ಸಾವಿರಾರು ಮಂದಿಯನ್ನು ಸಮುದ್ರ ದಾಟಿಸಿ ಇಟಲಿಯ ಒಳನಾಡಿನ ಲೂಚೇರಾ ಊರಿಗೆ ಗಡೀಪಾರು ಮಾಡಿದ. 1246ರ ಹೊತ್ತಿಗೆ ಸಿಸಿಲಿಯಲ್ಲಿ ಮುಸ್ಲಿಮರ ಬಾಳು ಬಹುಮಟ್ಟಿಗೆ ಮುಗಿದಿತ್ತು.

ಲೂಚೇರಾದಲ್ಲಿ ಅವರು ಮತ್ತೆ ಬೇಸಾಯ ಕಟ್ಟಿದರು, ಪಳ್ಳಿ ಕಟ್ಟಿದರು, ಮಕ್ಕಳಿಗೆ ಓದು ಕಲಿಸಿದರು. ಚಕ್ರವರ್ತಿಯ ಸೈನ್ಯಕ್ಕೆ ಬಿಲ್ಲುಗಾರರಾದರು. ಪೋಪ್ ಎಷ್ಟೇ ತಕರಾರು ಎತ್ತಿದರೂ ಫ್ರೆಡರಿಕ್ ಅವರನ್ನು ಬಿಟ್ಟುಕೊಡಲಿಲ್ಲ. ಅವರಿಗೆ ಬೇರೆ ಆಸರೆ ಇಲ್ಲ, ಆದ್ದರಿಂದ ತನಗೆ ದ್ರೋಹ ಮಾಡುವುದಿಲ್ಲ ಅನ್ನೋದು ಅವನಿಗೆ ಗೊತ್ತಿತ್ತು.

1266ರಲ್ಲಿ ರಾಜ್ಯ ಫ್ರಾನ್ಸಿನ ಆಂಜೂ ವಂಶದ ಪಾಲಾಯಿತು. ಲೂಚೇರಾದವರು ದಂಗೆ ಎದ್ದು ಸೋತರು, ಆಮೇಲೆ ಹೊಸ ದೊರೆಗೂ ತೆರಿಗೆ ಕಟ್ಟಿದರು, ಅವನ ಯುದ್ಧಗಳಲ್ಲೂ ಹೋರಾಡಿದರು. ಆದರೂ 1300ರ ಆಗಸ್ಟ್‌ನಲ್ಲಿ ಎರಡನೇ ಚಾರ್ಲ್ಸ್‌ನ ಆಜ್ಞೆಯಂತೆ ಸೈನಿಕರು ಊರನ್ನು ಖಾಲಿ ಮಾಡಿಸಿದರು. ಬಹುತೇಕರನ್ನು ಗುಲಾಮರಾಗಿ ಮಾರಲಾಯಿತು. ದನಕರು, ದವಸ ಎಲ್ಲವೂ ಜಪ್ತಿ. ಯುದ್ಧದ ಸಾಲದಲ್ಲಿ ಮುಳುಗಿದ್ದ ದೊರೆಗೆ ಹಣ ಬೇಕಿತ್ತು, ಧರ್ಮದ ಹೆಸರೂ ಜೊತೆಗಿತ್ತು. ಊರಿಗೆ ಮರಿಯಮ್ಮನ ಹೆಸರಿಟ್ಟರು.

ಇವರು ಮಾಡಿದ ಸೇವೆಗೆ ಏನೂ ಕಡಿಮೆ ಇರಲಿಲ್ಲ. ಲೆಕ್ಕ ಬರೆದರು, ನಕ್ಷೆ ಬಿಡಿಸಿದರು, ಬಿಲ್ಲು ಹಿಡಿದರು. ಆದರೆ ಬದುಕುವ ಹಕ್ಕು ಕಾನೂನಿನಲ್ಲಿರಲಿಲ್ಲ, ದೊರೆಯ ಅಗತ್ಯದಲ್ಲಿತ್ತು. ಒಬ್ಬನ ಕಾಲಕ್ಕೆ ಸಿಕ್ಕ ರಕ್ಷಣೆ ಇನ್ನೊಬ್ಬನ ಕಾಲಕ್ಕೆ ಸಿಗಲಿಲ್ಲ. ಪ್ರಜೆಗಳೆಲ್ಲರ ಹಕ್ಕನ್ನು ಬರಹದಲ್ಲಿಟ್ಟ ಸಂವಿಧಾನದ ಬೆಲೆ ಏನು ಅಂತ ಮಕ್ಕಳು ಕೇಳಿದರೆ, ಲೂಚೇರಾದ ಕಥೆಯನ್ನು ಅವರಿಗೆ ಹೇಳಬಹುದು.