ನಮ್ಮ ಗಡದ ಹೆಸರು ಹೊತ್ತ ನ್ಯಾಯಮೂರ್ತಿ

ಮೀಸಲಾತಿಯ ಮಾತು ಬಂದಲ್ಲೆಲ್ಲ ಶೇ 50ರ ಮಿತಿಯ ಮಾತೂ ಬರುತ್ತದೆ. ವಿಧಾನಸೌಧದಲ್ಲಿ ಬರುತ್ತದೆ, ಟೀವಿ ಚರ್ಚೆಯಲ್ಲಿ ಬರುತ್ತದೆ, ಸಿಇಟಿ ಬರೆದ ಮಕ್ಕಳ ಮನೆಗಳಲ್ಲಂತೂ ದಿನವೂ ಬರುತ್ತದೆ. ಈ ಐವತ್ತು ಎಲ್ಲಿಂದ ಬಂತು? ಹುಡುಕಹೊರಟರೆ ಮೊದಲು ಸಿಗುವುದು ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪು. ಅದರ ಬೆನ್ನು ಹಿಡಿದು ಇನ್ನೂ ಹಿಂದಕ್ಕೆ ನಡೆದರೆ 1962ಕ್ಕೆ ಬಂದು ನಿಲ್ಲುತ್ತೇವೆ. ಅಲ್ಲಿ ಕಾಣುವುದೇನು? ಕಟಕಟೆಯಲ್ಲಿ ನಮ್ಮದೇ ಮೈಸೂರು ಸರ್ಕಾರ! ತೀರ್ಪು ಬರೆದವರ ಹೆಸರು ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡ್ಕರ್!

ಹೌದು, ಅದೇ ಗಜೇಂದ್ರಗಡ. ಇಂದಿನ ಗದಗ ಜಿಲ್ಲೆಯ, ಕೋಟೆಯ, ಕಾಲಕಾಲೇಶ್ವರನ ನೆರೆಯ ಗಜೇಂದ್ರಗಡ. 1787ರಲ್ಲಿ ಮರಾಠರೂ ಟಿಪ್ಪು ಸುಲ್ತಾನನೂ ಕದನ ನಿಲ್ಲಿಸಿ ಒಪ್ಪಂದಕ್ಕೆ ಬಂದದ್ದು ಈ ಊರಿನ ಹೆಸರಿನಲ್ಲೇ. ಇಲ್ಲಿಂದ ಒಂದು ಮಾಧ್ವ ವಿದ್ವಾಂಸರ ಮನೆತನ ಸಾತಾರಕ್ಕೆ ಹೋಗಿ ನೆಲೆಸಿತು. ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ. ಆ ಮನೆಯಲ್ಲಿ, ಸಂಸ್ಕೃತ ಪಂಡಿತ ಬಾಲಾಚಾರ್ಯರ ಕಿರಿಯ ಮಗನಾಗಿ 1901ರ ಮಾರ್ಚ್ 16ರಂದು ಹುಟ್ಟಿದ ಹುಡುಗ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ. ಕನ್ನಡನಾಡಿನ ಒಂದು ಊರಿನ ಹೆಸರು ಸುಪ್ರೀಂ ಕೋರ್ಟಿನ ನೂರಾರು ತೀರ್ಪುಗಳ ಮೇಲೆ ಅಚ್ಚಾಗಿ ಕೂತಿದೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬೆರಗು ಇಲ್ಲಿಗೇ ಮುಗಿಯುವುದಿಲ್ಲ. ಸಾತಾರದಲ್ಲಿ ಹೈಸ್ಕೂಲು ಮುಗಿಸಿದ ಹುಡುಗ 1918ರಲ್ಲಿ ಕಾಲೇಜಿಗೆ ಎಲ್ಲಿಗೆ ಬಂದ ಗೊತ್ತೇ? ಧಾರವಾಡಕ್ಕೆ! ಕರ್ನಾಟಕ ಕಾಲೇಜು ಆರಂಭವಾಗಿ ಆಗ ಒಂದೇ ವರ್ಷ. ಹಿರಿಯರು ಬಿಟ್ಟುಹೋದ ಸೀಮೆಗೆ ಮರಳಿ ಬಂದು ಎರಡು ವರ್ಷ ಓದಿ, 1920ರಲ್ಲಿ ಆತ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದ. ಆತನನ್ನು ಆತನಾಗಿ ಮಾಡಿದ್ದು ಆ ಪುಣೆ.

ಆಗಿನ ಪುಣೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ! ಪೇಶ್ವೆ ನಾರಾಯಣರಾಯನ ಕೊಲೆಗೆ ಅವನ ಚಿಕ್ಕಪ್ಪ ರಘುನಾಥರಾಯನೇ ಹೊಣೆ ಎಂದು, ಅಧಿಕಾರದಲ್ಲಿದ್ದವನ ಮುಖಕ್ಕೇ ಹೇಳಿದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯನ್ನು ಇನ್ನೂ ಮರೆಯದ ಊರು ಅದು. ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದುಕೊಂಡೇ ಸಮಾಜ ಸುಧಾರಣೆಗೆ ದುಡಿದ ಮಹಾದೇವ ಗೋವಿಂದ ರಾನಡೆ ನಡೆದಾಡಿದ ಊರು. ಡೆಕ್ಕನ್ ಕಾಲೇಜಿನಲ್ಲಿ ತಿಲಕರು ಓದಿದ್ದರು, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಸಂಸ್ಕೃತ ಕಲಿಸಿದ್ದರು. ಆ ಭಂಡಾರ್ಕರರ ಹೆಸರಿನಲ್ಲಿ 1917ರಲ್ಲಿ ಹುಟ್ಟಿದ ಸಂಶೋಧನ ಸಂಸ್ಥೆಯಲ್ಲಿ 1919ರಿಂದ ಒಂದು ಮಹಾಕಾರ್ಯ ನಡೆದಿತ್ತು. ದೇಶದ ಮೂಲೆಮೂಲೆಯಿಂದ ಮಹಾಭಾರತದ ಹಸ್ತಪ್ರತಿಗಳನ್ನು ತರಿಸಿ, ಸಾಲು ಸಾಲನ್ನೂ ಹೋಲಿಸಿ, ಯಾವುದು ಹಳೆಯ ಪಾಠ, ಯಾವುದು ಆಮೇಲೆ ಸೇರಿದ್ದು ಎಂದು ಸೋಸುವ ಕೆಲಸ. ಅದು ಮುಗಿದದ್ದು 1966ರಲ್ಲಿ. ಅದೇ ವರ್ಷ ಗಜೇಂದ್ರಗಡ್ಕರರು ಮುಖ್ಯ ನ್ಯಾಯಮೂರ್ತಿ ಹುದ್ದೆಯಿಂದ ನಿವೃತ್ತರಾದರು!

ಇಂಥ ಗಾಳಿಯಲ್ಲಿ ಆ ತರುಣ 1924ರಲ್ಲಿ ಎಂ.ಎ. ಮುಗಿಸಿದ. ಆ ವರ್ಷವೇ ಇಂಡಿಯನ್ ಲಾ ಸೊಸೈಟಿ ಪುಣೆಯಲ್ಲಿ ಕಾನೂನು ಕಾಲೇಜು ತೆರೆಯಿತು, ಆ ವರ್ಷವೇ ಆತ ಅಲ್ಲಿ ಸೇರಿದ. ಇಂದು ಐಎಲ್‌ಎಸ್ ಎಂದು ದೇಶವೆಲ್ಲ ಬಲ್ಲ ಕಾಲೇಜಿನ ಮೊಟ್ಟಮೊದಲ ವರ್ಷದ ವಿದ್ಯಾರ್ಥಿ! 1926ರಲ್ಲಿ ಆನರ್ಸ್‌ನೊಂದಿಗೆ ಎಲ್‌ಎಲ್.ಬಿ. ಪಡೆದು ಮುಂಬೈ ಹೈಕೋರ್ಟಿನ ಅಪೆಲೆಟ್ ಸೈಡ್‌ನಲ್ಲಿ, ಎಂದರೆ ಮೇಲ್ಮನವಿಗಳ ಅಂಗಳದಲ್ಲಿ, ವಕೀಲಿ ಆರಂಭಿಸಿದ. ಇದೇ ಕಾಲೇಜು ಮುಂದೆ ಪುಣೆಯವರೇ ಆದ ವೈ.ವಿ. ಚಂದ್ರಚೂಡರನ್ನೂ ಮುಖ್ಯ ನ್ಯಾಯಮೂರ್ತಿಯಾಗಿ ದೇಶಕ್ಕೆ ಕೊಟ್ಟಿತು.

ಮೇಲ್ಮನವಿಯ ನ್ಯಾಯಾಲಯದ ಬಗೆಯೇ ಬೇರೆ. ಅಲ್ಲಿ ಸಾಕ್ಷಿಗಳು ಕಟಕಟೆ ಹತ್ತುವುದಿಲ್ಲ, ಅತ್ತು ಕರೆಯುವವರಿಲ್ಲ. ಕೆಳಗಿನ ಕೋರ್ಟಿನಿಂದ ಬಂದ ಕಾಗದದ ಕಟ್ಟು ಇರುತ್ತದೆ, ಕಾನೂನಿನ ಪುಸ್ತಕ ಇರುತ್ತದೆ. ಓದಬೇಕು, ಹೋಲಿಸಬೇಕು, ತಪ್ಪು ಎಲ್ಲಿ ನುಸುಳಿತು ಎಂದು ಕಂಡುಹಿಡಿಯಬೇಕು. ಹಳೆಯ ಗ್ರಂಥವನ್ನು ಸಂಪಾದಿಸುವವನು ಮಾಡುವುದೂ ಇದನ್ನೇ ಅಲ್ಲವೇ! ದತ್ತು ಸ್ವೀಕಾರದ ಧರ್ಮಶಾಸ್ತ್ರವನ್ನು ಹೇಳುವ ‘ದತ್ತಕ ಮೀಮಾಂಸಾ’ವನ್ನು ಗಜೇಂದ್ರಗಡ್ಕರ್ ಹಾಗೆಯೇ ಸಂಪಾದಿಸಿದರು, ವಿದ್ವತ್ತಿಗೆ ಹೆಸರಾದರು. ‘ಹಿಂದೂ ಲಾ ಕ್ವಾರ್ಟರ್ಲಿ’ಯ ಸಂಪಾದಕರೂ ಆದರು. 1945ರಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿಯಾದರು. ನೆನಪಿಡಿ, 1956ರ ನವೆಂಬರ್ 1ರ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಮೇಲ್ಮನವಿಗಳೆಲ್ಲ ಹೋಗುತ್ತಿದ್ದದ್ದು ಆ ಮುಂಬೈ ಹೈಕೋರ್ಟಿಗೇ. ಗಜೇಂದ್ರಗಡ ಸೀಮೆಯ ರೈತನ ಹೊಲದ ವ್ಯಾಜ್ಯಕ್ಕೂ ಕೊನೆಯ ಮೆಟ್ಟಿಲುಗಳಲ್ಲಿ ಅದೊಂದು.

1956ರ ಜನವರಿಯಲ್ಲಿ ಸುಪ್ರೀಂ ಕೋರ್ಟ್. 1964ರ ಫೆಬ್ರುವರಿ 1ರಂದು ಮುಖ್ಯ ನ್ಯಾಯಮೂರ್ತಿ. ಈ ಹತ್ತು ವರ್ಷಗಳ ತೀರ್ಪುಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ಎದೆ ಉಬ್ಬುತ್ತದೆ.

ಮೊದಲು ನಮ್ಮದೇ ಪ್ರಕರಣ. 1962ರ ಜುಲೈ 31ರಂದು ಮೈಸೂರು ಸರ್ಕಾರ ಆದೇಶ ಹೊರಡಿಸಿತು. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ 28, ಹೆಚ್ಚು ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಕೂಡಿದರೆ ಶೇ 68. ಎಂ.ಆರ್. ಬಾಲಾಜಿ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಸೆಪ್ಟೆಂಬರ್ 28ಕ್ಕೆ ತೀರ್ಪು! ಎರಡು ತಿಂಗಳೂ ತುಂಬಿರಲಿಲ್ಲ. ಐವರ ಪೀಠದ ಪರವಾಗಿ ಗಜೇಂದ್ರಗಡ್ಕರ್ ಬರೆದರು: ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲು ಆಗಲಾರದು, ಬಡತನ, ಕಸುಬು, ವಾಸದ ನೆಲೆ ಇವನ್ನೂ ನೋಡಬೇಕು, ವಿಶೇಷ ಅವಕಾಶ ಸ್ಥೂಲವಾಗಿ ಶೇ 50ರ ಒಳಗಿರಬೇಕು. ಅರವತ್ತು ವರ್ಷ ದಾಟಿದರೂ ನಾವು ಆ ತೀರ್ಪಿನೊಡನೆಯೇ ವಾದಿಸುತ್ತಿದ್ದೇವೆ. ಒಪ್ಪುವವರೂ ಅಲ್ಲಿಂದಲೇ ಶುರುಮಾಡಬೇಕು, ಒಪ್ಪದವರೂ ಅಲ್ಲಿಂದಲೇ.

ಮುಂದಿನದು ಇನ್ನೂ ರೋಮಾಂಚಕ. 1964ರ ಮಾರ್ಚ್. ಗೋರಖಪುರದ ಕೇಶವ ಸಿಂಗ್ ಎಂಬಾತನನ್ನು ಹಕ್ಕುಚ್ಯುತಿಗಾಗಿ ಉತ್ತರ ಪ್ರದೇಶದ ವಿಧಾನಸಭೆ ಜೈಲಿಗೆ ಕಳಿಸಿತ್ತು. ಅಲಹಾಬಾದ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ಕೆರಳಿದ ಸದನ ಆ ನ್ಯಾಯಮೂರ್ತಿಗಳನ್ನೇ ಹಿಡಿದು ತರಬೇಕೆಂದು ನಿರ್ಣಯ ಮಾಡಿಬಿಟ್ಟಿತು! ಹೈಕೋರ್ಟಿನ 28 ನ್ಯಾಯಮೂರ್ತಿಗಳು ಒಟ್ಟಾಗಿ ಕೂತು ಅದಕ್ಕೆ ತಡೆ ಕೊಟ್ಟರು. ಶಾಸಕಾಂಗ ಒಂದು ಕಡೆ, ನ್ಯಾಯಾಂಗ ಒಂದು ಕಡೆ, ನಡುವೆ ಹದಿನಾಲ್ಕು ವರ್ಷದ ಎಳೆಯ ಸಂವಿಧಾನ. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಸೆಪ್ಟೆಂಬರ್ 30ರಂದು ಏಳು ಮಂದಿಯಲ್ಲಿ ಆರು ಮಂದಿಯ ಪರವಾಗಿ ಗಜೇಂದ್ರಗಡ್ಕರ್ ಉತ್ತರಿಸಿದರು: ಈ ದೇಶದಲ್ಲಿ ಶಾಸನಸಭೆಯೂ ದೊಡ್ಡದಲ್ಲ, ಕೋರ್ಟೂ ದೊಡ್ಡದಲ್ಲ, ಎಲ್ಲಕ್ಕಿಂತ ಮೇಲಿರುವುದು ಸಂವಿಧಾನ. ಪ್ರಜೆಯ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ನ್ಯಾಯಾಲಯದ ಬಾಗಿಲನ್ನು ಮುಚ್ಚಲಾಗದು. ಅದು ನೆಹರೂ ತೀರಿಕೊಂಡ ವರ್ಷ, ದೇಶ ತಳಮಳಿಸುತ್ತಿದ್ದ ವರ್ಷ. ಅಂಥ ಹೊತ್ತಿನಲ್ಲಿ ಈ ಸಮಚಿತ್ತ!

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು 1966ರ ಜನವರಿ 14ರ ತೀರ್ಪು. ಅಹಮದಾಬಾದಿನ ಸ್ವಾಮಿನಾರಾಯಣ ಪಂಥದ ಸತ್ಸಂಗಿಗಳು 1948ರಲ್ಲೇ ದಾವೆ ಹೂಡಿದ್ದರು. ನಮ್ಮ ಪಂಥ ಹಿಂದೂ ಧರ್ಮದಿಂದ ಬೇರೆ, ಆದ್ದರಿಂದ ದಲಿತರಿಗೆ ದೇವಾಲಯ ಪ್ರವೇಶ ಕೊಡುವ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಎಂಬುದು ಅವರ ವಾದ. ಹಾಗಾದರೆ ಹಿಂದೂ ಧರ್ಮ ಎಂದರೇನು? ಕೋರ್ಟು ಇದಕ್ಕೆ ಉತ್ತರ ಹುಡುಕಬೇಕಾಯಿತು. ಉತ್ತರ ಬರೆಯಲು ಕೂತವರು ಯಾರು? ತಲೆಮಾರುಗಳಿಂದ ವೇದಾಂತ, ಮೀಮಾಂಸೆ ಓದಿದ ಮಾಧ್ವ ಆಚಾರ್ಯರ ಮನೆಯ ಮಗ! ವೇದ, ಉಪನಿಷತ್ತು, ಆಚಾರ್ಯರ ದರ್ಶನ, ಬುದ್ಧ ಮಹಾವೀರರಿಂದ ಬಸವಣ್ಣನವರೆಗಿನ ಸುಧಾರಣೆಯ ಧಾರೆ, ಎಲ್ಲವನ್ನೂ ನೆನೆದು ಅವರು ತೀರ್ಪು ಬರೆದರು. ಸತ್ಸಂಗಿಗಳು ಹಿಂದೂಗಳೇ, ದೇವಾಲಯದ ಬಾಗಿಲು ದಲಿತರಿಗೆ ತೆರೆಯಲೇಬೇಕು. ದಲಿತರ ಪ್ರವೇಶದ ಬಗ್ಗೆ ಸತ್ಸಂಗಿಗಳಿಗಿದ್ದ ಭಯಕ್ಕೆ ಕಾರಣ ಮೂಢನಂಬಿಕೆ, ಅಜ್ಞಾನ, ಧರ್ಮದ ತಿರುಳನ್ನು ತಪ್ಪು ತಿಳಿದದ್ದು ಎಂದು ಸಂಕೋಚವಿಲ್ಲದೆ ಹೇಳಿದರು. ಶಾಸ್ತ್ರವನ್ನು ತೋರಿಸಿ ಬಾಗಿಲು ಹಾಕುವವರನ್ನು ನಾವು ಬಹಳ ಕಂಡಿದ್ದೇವೆ. ಶಾಸ್ತ್ರವನ್ನು ಪೂರ್ತಿ ಓದಿ ಬಾಗಿಲು ತೆರೆಸಿದವರು ಇವರು!

ಕಾರ್ಮಿಕರ ವಿಷಯದಲ್ಲೂ ಹಾಗೆಯೇ. ಬೋನಸ್ ಲೆಕ್ಕ ಹೇಗೆ ಹಾಕಬೇಕು ಎಂಬುದನ್ನು 1959ರ ಎಸಿಸಿ ಸಿಮೆಂಟ್ ಪ್ರಕರಣದಲ್ಲಿ ಬಿಡಿಸಿಟ್ಟರು. ನಿವೃತ್ತಿಯ ನಂತರ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾಗಿ 1969ರಲ್ಲಿ ವರದಿ ಕೊಟ್ಟರು. ಮುಂಬೈ ವಿಶ್ವವಿದ್ಯಾಲಯದ ಕುಲಪತಿಯಾದರು, ಕಾನೂನು ಆಯೋಗದ ಅಧ್ಯಕ್ಷರಾದರು. ರಾನಡೆ ಹಾಕಿಕೊಟ್ಟ ದಾರಿಯಲ್ಲಿ ನಡೆದು ಸಮಾಜ ಸುಧಾರಣಾ ಸಮ್ಮೇಳನದ ಅಧ್ಯಕ್ಷತೆಯನ್ನು ಎರಡು ಬಾರಿ ವಹಿಸಿ, ಜಾತೀಯತೆ, ಅಸ್ಪೃಶ್ಯತೆಗಳ ವಿರುದ್ಧ ದನಿ ಎತ್ತಿದರು. 1972ರಲ್ಲಿ ಪದ್ಮವಿಭೂಷಣ ಬಂತು. 1981ರ ಜೂನ್ 12ರಂದು ತೀರಿಕೊಂಡರು.

ಒಬ್ಬ ಮನುಷ್ಯನಲ್ಲಿ ಗಜೇಂದ್ರಗಡದ ಮನೆತನ, ಧಾರವಾಡದ ಮೊದಲ ಪಾಠ, ಪುಣೆಯ ವಿದ್ವತ್ತು ಮೂರೂ ಕೂಡಿದವು. ಆ ವಿದ್ವತ್ತನ್ನು ಆತ ಹಳತನ್ನು ಕಾಯುವುದಕ್ಕಲ್ಲ, ಹೊಸ ಗಣರಾಜ್ಯವನ್ನು ನಿಲ್ಲಿಸುವುದಕ್ಕೆ ಬಳಸಿದ. ಅದಕ್ಕೇ ಆತ ದೊಡ್ಡವನು. ಧಾರವಾಡದ, ಗದಗಿನ, ಬೆಳಗಾವಿಯ ಕಾನೂನು ವಿದ್ಯಾರ್ಥಿಗಳೇ, ಬಾಲಾಜಿ ತೀರ್ಪನ್ನು ಗೈಡಿನಲ್ಲಿ ಓದಿ ಬಿಡಬೇಡಿ, ಮೂಲದಲ್ಲಿ ಓದಿ. ಸತ್ಸಂಗಿ ತೀರ್ಪನ್ನು ಯಾರಾದರೂ ಒಳ್ಳೆಯ ಕನ್ನಡಕ್ಕೆ ತನ್ನಿ. ಗಜೇಂದ್ರಗಡದ ಮೇಷ್ಟ್ರುಗಳೇ, ನಿಮ್ಮ ಊರಿನ ಹೆಸರನ್ನು ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೊತ್ತು ನಡೆದವರ ಕಥೆಯನ್ನು ನಿಮ್ಮ ಶಾಲೆಯ ಮಕ್ಕಳಿಗೆ ಈ ವರ್ಷವೇ ಹೇಳಿ.