ಯಾವ ಮಂಜಣ್ಣ?

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಲ್ಲಿ ಬಸ್ಸಿಳಿದು ‘ಮಂಜಣ್ಣನ ಮನೆ ಎಲ್ಲಿ?’ ಎಂದರೆ ದಾರಿ ಹೇಳುವ ಮೊದಲು ಮರುಪ್ರಶ್ನೆ ಬರುತ್ತದೆ: ‘ಯಾವ ಮಂಜಣ್ಣ?’ ತೆಂಗಿನ ಸೀಮೆಯ ಹೋಬಳಿಗಳಲ್ಲೆಲ್ಲ ಹೀಗೇ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಗೂ ಇದು ಹೊಸದಲ್ಲ. ಮೋಟರ್ ವೈಂಡಿಂಗ್ ಮಾಡುವವನು ಕರೆಂಟ್ ಮಂಜ, ಟೀವಿ ಬಿಚ್ಚುವವನು ಟೀವಿ ಮಂಜ, ಕೊಬ್ಬರಿ ವ್ಯಾಪಾರದವನು ಮಂಡಿ ಮಂಜಣ್ಣ. ಹೆಸರು ಒಂದೇ ಆದ ಮೇಲೆ ಕಸುಬೇ ಹೆಸರಿನ ಮುಂದೆ ಬಂದು ನಿಲ್ಲಬೇಕು.

ಅಜ್ಜಂದಿರ ಕಾಲದಲ್ಲಿ ಇಲ್ಲಿ ರಂಗಯ್ಯ, ನಂಜಯ್ಯ, ಕರಿಯಪ್ಪ, ಪುಟ್ಟಯ್ಯಂದಿರು ತುಂಬಿದ್ದರು. ದೇವರು ಊರ ಸುತ್ತಲೇ ಇದ್ದವು, ಹೆಸರೂ ಅಲ್ಲಿಂದಲೇ ಬಂತು. ಬಸ್ಸಿನ ಓಡಾಟ ಹೆಚ್ಚಿ, ಘಟ್ಟ ಇಳಿದು ಧರ್ಮಸ್ಥಳಕ್ಕೆ ಹೋಗಿಬರುವುದು ಸುಲಭವಾದ ಮೇಲೆ ಮುಡಿ ಕೊಟ್ಟು, ಹರಕೆ ತೀರಿಸಿ, ಹುಟ್ಟಿದ ಗಂಡುಮಗುವಿಗೆ ಮಂಜುನಾಥನೆಂದು ಕರೆದವರು ಎಷ್ಟೋ ಮಂದಿ. ‘ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ’ ಎಂಬ ಮಾತು ಹುಟ್ಟಿದ್ದೂ ಆ ದೇವರ ಆಣೆಗೆ ಜನ ಅಂಜುತ್ತಿದ್ದ ಕಾರಣಕ್ಕೆ. ಹೆಸರಿನ ಬೇರು ಧರ್ಮಸ್ಥಳಕ್ಕಿಂತ ಹಿಂದಿನದು. ಅಲ್ಲಿನ ಲಿಂಗ ಬಂದದ್ದು ಮಂಗಳೂರಿನ ಕದ್ರಿಯಿಂದ ಎನ್ನುತ್ತದೆ ಐತಿಹ್ಯ. ಕದ್ರಿಯ ಮಂಜುನಾಥನ ಗುಡಿಯಲ್ಲಿ ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಬೌದ್ಧರ ಮಂಜುಶ್ರೀಯೇ ಈ ಹೆಸರಿನೊಳಗೆ ಅಡಗಿದ್ದಾನೆ ಎಂಬ ವಾದವೂ ಉಂಟು. ಜೈನ ಹೆಗ್ಗಡೆಯವರ ಆಡಳಿತ, ವೈಷ್ಣವ ಅರ್ಚಕರು, ಶಿವನ ಲಿಂಗ, ಇಷ್ಟನ್ನೂ ಒಟ್ಟಿಗೆ ಇಟ್ಟುಕೊಂಡ ಧರ್ಮಸ್ಥಳಕ್ಕೆ ಅದೇನೂ ಹೊರೆಯಲ್ಲ ಬಿಡಿ.

ಹೀಗೆ ಹೆಸರು ಪಡೆದವರು ಮುಂದೆ ಏನಾದರು? ನಾಡಿನ ಮಟ್ಟದಲ್ಲಿ ನೋಡಿದರೂ ದಬ್ಬೇಘಟ್ಟದ ಲೆಕ್ಕವೇ ನಡೆಯುತ್ತದೆ.

ಪಕ್ಕದ ಹಾಸನ ಜಿಲ್ಲೆಯ ಡಾ. ಸಿ.ಎನ್. ಮಂಜುನಾಥ್ ಜನರ ಬಾಯಲ್ಲಿ ‘ಜಯದೇವ ಮಂಜುನಾಥ್’. ಅವರು ದುಡಿದ ಜಯದೇವ ಹೃದ್ರೋಗ ಆಸ್ಪತ್ರೆಯೇ ಮನೆಹೆಸರಾಯಿತು. ಸರ್ಜನ್ ಎಂದು ಕರೆಯುವವರಿದ್ದಾರೆ, ಆದರೆ ಅವರದು ಎದೆ ಕೊಯ್ಯುವ ವಿದ್ಯೆಯಲ್ಲ, ಬಲೂನಿನದು. ಬಾಲ್ಯದ ಕೀಲುವಾತದ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಗಟ್ಟಿಯಾಗಿ ಬಾಯಿ ಕಿರಿದಾಗುತ್ತದೆ. ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ, ತುದಿಯ ಬಲೂನನ್ನು ಕವಾಟದ ನಡುವೆ ಉಬ್ಬಿಸಿದರೆ ಅಂಟಿಕೊಂಡ ಎಸಳು ಬಿಡಿಸಿಕೊಳ್ಳುತ್ತವೆ. ಈ ಉಪಾಯ ಕಂಡುಹಿಡಿದು 1984ರಲ್ಲಿ ವರದಿ ಮಾಡಿದ್ದು ಜಪಾನಿನ ಕಾಂಜಿ ಇನೋವೆ, ಅವರೇನೋ ಶಸ್ತ್ರವೈದ್ಯರೇ. ಈ ರೋಗ ಹೆಚ್ಚಾಗಿ ಬಡವರದು, ಹಾಗಾಗಿ ಬಲೂನಿನ ವಿದ್ಯೆ ನಮ್ಮಲ್ಲಿ ಚೆನ್ನಾಗಿ ಬೇರೂರಿತು. ಮೊದಲು ಚಿಕಿತ್ಸೆ, ಆಮೇಲೆ ಹಣ ಎಂಬ ನೀತಿಯಿಂದ ಹೆಸರಾದ ಈ ಮಂಜುನಾಥ್‌ರಿಗೆ 2007ರಲ್ಲಿ ಪದ್ಮಶ್ರೀ ಬಂತು. 2024ರಲ್ಲಿ ನಿವೃತ್ತರಾದವರು ಅದೇ ವರ್ಷ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಗೆದ್ದರು. ಸಂಸದರಾದ ಮೇಲೂ ಜನ ‘ಡಾಕ್ಟ್ರು’ ಅನ್ನುವುದನ್ನು ಬಿಟ್ಟಿಲ್ಲ.

ಎಲೆಕ್ಟ್ರಾನಿಕ್ಸ್ ಓದಿದ ಮಂಜುನಾಥರ ದಾರಿ ಬೇರೆ. ಬಿ.ಎಸ್. ಮಂಜುನಾಥ್ 1985ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಎಲೆಕ್ಟ್ರಾನಿಕ್ಸ್ ಬಿ.ಇ., 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎಂ.ಇ. ಮುಗಿಸಿ ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾದಲ್ಲಿ ಪ್ರಾಧ್ಯಾಪಕರಾದರು. 1996ರಲ್ಲಿ ಅವರು ಮತ್ತು ಸಹಲೇಖಕರೊಬ್ಬರು ಬರೆದ ಪ್ರಬಂಧ ಚಿತ್ರಗಳ ‘ನೇಯ್ಗೆ’ಯನ್ನು, ಎಂದರೆ ಗೆರೆಗಳ ದಿಕ್ಕು, ದಪ್ಪ, ಒತ್ತನ್ನು, ಅಂಕಿಗಳಾಗಿ ಬರೆದಿಟ್ಟು ಅದರಂಥದೇ ಇನ್ನೊಂದನ್ನು ಹುಡುಕುವ ಬಗೆ ತೋರಿಸಿತು. ಆಕಾಶದಿಂದ ತೆಗೆದ ಚಿತ್ರಗಳ ಮೇಲೂ ಅದನ್ನು ಪ್ರಯೋಗಿಸಿದರು. ನಮ್ಮ ತೋಟಗಳನ್ನು ಮೇಲಿನಿಂದ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಸಾಲು ಸಾಲು ತೆಂಗಿಗೆ ಒಂದು ನೇಯ್ಗೆ, ರಾಗಿ ಹೊಲಕ್ಕೆ ಇನ್ನೊಂದು. ಹೆಸರಿಲ್ಲದಿದ್ದರೂ ಗುರುತು ಹಿಡಿಯುವ ಯಂತ್ರದ ಹಿಂದೆ ಎಲ್ಲರಿಗೂ ಇರುವ ಹೆಸರಿನ ಮನುಷ್ಯ!

‘ಮಾಸ್ಟರ್ ಮಂಜುನಾಥ್’ ಗೊತ್ತಿಲ್ಲದವರು ಯಾರು? ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಶಂಕರ್‌ನಾಗ್ ಆಗುಂಬೆಯಲ್ಲಿ ಕಟ್ಟಿದ ಮಾಲ್ಗುಡಿಯ ಸ್ವಾಮಿ. ನಟನೆ ಬಿಟ್ಟು ಬೇರೆ ಉದ್ಯೋಗ ಹಿಡಿದರೂ ಬಾಲನಟನ ‘ಮಾಸ್ಟರ್’ ಅವರನ್ನು ಬಿಡಲಿಲ್ಲ.

ಇವರಿಗೆಲ್ಲ ಏನಾದರೊಂದು ಮುಂದೆ ಹಚ್ಚಿದರಷ್ಟೇ ಗುರುತು. ಬರಿ ಹೆಸರೇ ಸಾಕಾದವನು ಒಬ್ಬನೇ. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಬೆಳೆದ ಮಂಜುನಾಥ್ ಷಣ್ಮುಗಂ ಮೈಸೂರಿನ ಎಸ್‌ಜೆಸಿಇಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ, ಲಖನೌ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಕಲಿತು, ಇಂಡಿಯನ್ ಆಯಿಲ್ ಸೇರಿದ. ಉತ್ತರ ಪ್ರದೇಶದ ಲಖೀಂಪುರ ಖೀರಿಯಲ್ಲಿ ಕಲಬೆರಕೆ ತೈಲ ಮಾರುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ. ಅದು ಮತ್ತೆ ತೆರೆದಾಗ ಪುನಃ ತಪಾಸಣೆಗೆ ಹೋದ. 2005ರ ನವೆಂಬರ್ 19ರಂದು ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು 27. 2015ರಲ್ಲಿ ಸುಪ್ರೀಂ ಕೋರ್ಟ್ ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅದಕ್ಕೂ ಮುಂಚೆ, 2014ರಲ್ಲಿ, ಅವನ ಮೇಲೊಂದು ಹಿಂದಿ ಸಿನಿಮಾ ಬಂದಿತ್ತು. ಹೆಸರು ‘ಮಂಜುನಾಥ್’, ಅಷ್ಟೇ.

ಊರಿನ ಬಾಯಿಗೆ ಕಸುಬು ಸಾಕು, ಕಾಗದಕ್ಕೆ ಸಾಲದು. ನಮ್ಮ ಕಡೆ ಮೊದಲ ಇನಿಷಿಯಲ್ ಊರಿನದು, ಎರಡನೆಯದು ಅಪ್ಪನದು. ದಬ್ಬೇಘಟ್ಟದ ನಂಜಯ್ಯನ ಮಗ ಡಿ.ಎನ್. ಮಂಜುನಾಥ. ಅದೇ ಊರಿನ ನರಸಯ್ಯನ ಮಗನೂ ಡಿ.ಎನ್. ಮಂಜುನಾಥ! ಪಹಣಿಯಲ್ಲಿ ‘ಮಂಜುನಾಥ ಬಿನ್ ನಂಜಯ್ಯ’, ಆಧಾರ್‌ನಲ್ಲಿ ‘ಮಂಜುನಾಥ್ ಡಿ ಎನ್’, ಬ್ಯಾಂಕ್ ಪುಸ್ತಕದಲ್ಲಿ ಮತ್ತೊಂದು. ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಇದ್ದ 2024ರಲ್ಲಿ ಖರೀದಿ ನೋಂದಣಿಗೆ ಹೆಸರು, ಪಹಣಿ ಸಾಲದೆ ರೈತರ ಬೆರಳಚ್ಚನ್ನೂ ತೆಗೆದುಕೊಂಡರು. ಮನೆಯಲ್ಲೊಬ್ಬ ಮಂಜಣ್ಣನಿದ್ದರೆ, ಅಟ್ಟದ ಕೊಬ್ಬರಿ ಇಳಿಸುವ ಮೊದಲೇ ಮೂರೂ ಕಾಗದ ಮುಂದಿಟ್ಟುಕೊಂಡು ಹೆಸರು ತಾಳೆ ನೋಡಿಕೊಳ್ಳಿ.